ಸಂಚಿಯಲ್ಲಿ ನ್ಯುಮೋನಿಯಾ ಕಟ್ಟಿಕೊಂಡು ವಿಲಾಯತಿಗೆ

ಹೊಸಪೇಟೆ

ವಿಲಾಯತಿಗೆ ಹೊರಟವರು ಉಪ್ಪಿನಕಾಯಿ ಒಯ್ಯುತ್ತಾರೆ, ಚಟ್ನಿಪುಡಿ ಒಯ್ಯುತ್ತಾರೆ. ನಾನು ಅವೆರಡರ ಜೊತೆಗೆ ನ್ಯುಮೋನಿಯಾವನ್ನೂ ಒಯ್ದೆ.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷದ ಮಾತು. ನಾನು ಹೊಸಪೇಟೆಯ ಹೆಂಗಸರ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದೆ. ತುಂಗಭದ್ರೆಗೆ ಅಣೆಕಟ್ಟು ಕಟ್ಟುವ ಕೆಲಸ ಆಗಷ್ಟೇ ಶುರುವಾಗಿ ಊರಿನ ಸುತ್ತ ಕೂಲಿಗಳ ಗುಡಿಸಲು ಎದ್ದಿದ್ದವು. ಅತ್ತ ಸಂಡೂರಿನ ಗಣಿಗಳಲ್ಲೂ ಜನವೋ ಜನ. ಚಳಿ ಬಿತ್ತೆಂದರೆ ನಮ್ಮ ವರಾಂಡದಲ್ಲಿ ಕೆಮ್ಮು ಬಿಟ್ಟು ಬೇರೆ ಸದ್ದಿಲ್ಲ. ಅಂಥ ಒಂದು ಬೆಳಿಗ್ಗೆ ಬಂಡ್ರಿಯ ದುರುಗವ್ವ ತನ್ನ ತಂಗಿ ಹುಲಿಗೆಮ್ಮನನ್ನು ಅದಿರಿನ ಲಾರಿಯಲ್ಲಿ ಮಲಗಿಸಿಕೊಂಡು ಬಂದಳು. ಇಬ್ಬರೂ ಗಣಿಯಲ್ಲಿ ಅದಿರು ಹೊರುವವರು. ಹುಲಿಗೆಮ್ಮನಿಗೆ ಎರಡೂ ಕಡೆಯ ಎದೆ ಕಟ್ಟಿತ್ತು. ಸಲ್ಫಾ ಗುಳಿಗೆ ಕೊಟ್ಟರೆ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಮದರಾಸಿನಿಂದ ತರಿಸಿಟ್ಟಿದ್ದ ಸೀರಮ್, ಪ್ರಾಣಿಗಳ ರಕ್ತದಿಂದ ತೆಗೆದ ಮದ್ದು, ಅದನ್ನೂ ಚುಚ್ಚಿದೆ. ಅವಳು ಉಳಿಯಲಿಲ್ಲ.

"ಗುಳಗಿ ಕೊಟ್ರಿ, ಸೂಜೀನೂ ಹಾಕಿದ್ರಿ. ಮತ್ತ ಯಾಕ ಉಳೀಲಿಲ್ರೀ ಡಾಕ್ಟ್ರಮ್ಮಾರ?" ಎಂದು ದುರುಗವ್ವ ಕೇಳಿದಳು. ಅಳಲಿಲ್ಲ. ಕೇಳಿ, ಉತ್ತರಕ್ಕಾಗಿ ನಿಂತಳು.

ನನ್ನ ಹತ್ತಿರ ಅರ್ಧ ಉತ್ತರವಿತ್ತು. ನ್ಯುಮೋನಿಯಾದ ರೋಗಾಣು ಮೈಮೇಲೆ ಲೋಳೆಯ ಅಂಗಿಯೊಂದನ್ನು ತೊಟ್ಟಿರುತ್ತದೆ. ಆ ಅಂಗಿಯಲ್ಲಿ ಹತ್ತಾರು ಜಾತಿ. ಒಂದೊಂದು ಜಾತಿಗೂ ಅದರದೇ ಸೀರಮ್ ಬೇಕು. ಬೇರೆಯದನ್ನು ಚುಚ್ಚಿದರೆ ನೀರು ಚುಚ್ಚಿದಂತೆ. ಹುಲಿಗೆಮ್ಮನ ಕಫದಿಂದ ಬೆಳೆಸಿದ ರೋಗಾಣುವನ್ನು ಮದರಾಸಿಗೆ ಕಳಿಸಿದೆ. ತನ್ನ ಜಾತಿಯ ಸೀರಮ್ ಸೋಕಿದರೆ ಆ ಅಂಗಿ ಉಬ್ಬಿ ಗುರುತು ಹೇಳುತ್ತದೆ. ಅಲ್ಲಿದ್ದ ಯಾವ ಸೀರಮ್ಮಿಗೂ ಅದು ಹೊಂದಲಿಲ್ಲ. ಅದರ ಜಾತಿ ಯಾವುದೆಂದು ತಿಳಿದರೆ ಸರಿಯಾದ ಸೀರಮ್ ತರಿಸಿಡಬಹುದು, ಮುಂದಿನ ಚಳಿಗಾಲದಲ್ಲಿ ಬಂಡ್ರಿಯಿಂದ ಬರುವವಳಾದರೂ ಉಳಿದಾಳು. ನನ್ನ ತಲೆಯಲ್ಲಿ ಇದೊಂದೇ ಗುಂಗು. ಕೂತಲ್ಲಿ ಕೂರಲಾರೆ, ಉಣ್ಣಲು ಕೂತರೆ ಅರ್ಧಕ್ಕೇ ಏಳುವೆ.

ಆ ಹೊತ್ತಿಗೆ ಸರಕಾರದವರು ಕೆಲವು ಡಾಕ್ಟರುಗಳನ್ನು ತರಬೇತಿಗೆ ಇಂಗ್ಲೆಂಡಿಗೆ ಕಳಿಸುತ್ತಿದ್ದರು. ಲೀಡ್ಸ್ ಎಂಬ ಊರಿನ ಒಂದು ಸಣ್ಣ ಪ್ರಯೋಗಾಲಯದಲ್ಲಿ ಎಲ್ಲ ಜಾತಿಯ ಸೀರಮ್ಮೂ ಇದೆ ಎಂದು ಕೇಳಿದ್ದೆ. ಹೋಗುತ್ತೀರಾ ಎಂದರು. ಅವರು ಕೇಳಿ ಮುಗಿಸುವ ಮೊದಲೇ ಹೂಂ ಎಂದೆ.

ಹಂಪಿ

"ಕಡಲು ದಾಟೋಕಿ ವಿರೂಪಾಕ್ಷಗ ಮುಖ ತೋರಿಸದ ಹೋಗಬಾರದು" ಎಂದು ಅವ್ವ ಹಟ ಹಿಡಿದಳು. ಅವ್ವ ಕಂಪ್ಲಿಯವಳು, ಅಕ್ಕಿ ಗಿರಣಿಯ ಮನೆಯಲ್ಲಿ ಹುಟ್ಟಿ ಇನ್ನೊಂದು ಅಕ್ಕಿ ಗಿರಣಿಯ ಮನೆ ಸೇರಿದವಳು. ಹಿಡಿದದ್ದನ್ನು ಬಿಡುವ ರೂಢಿ ಅವರಲ್ಲಿಲ್ಲ. ಗಾಡಿ ಕಟ್ಟಿಸಿಯೇಬಿಟ್ಟಳು.

ನನಗೆ ಪೇಚಾಟ. ಮದರಾಸಿನವರು ಬಿಳಿ ಇಲಿಗಳ ಮೈಯಲ್ಲಿ ಕಾಪಾಡಿಕೊಂಡು ಬಂದಿದ್ದ ಹುಲಿಗೆಮ್ಮನ ರೋಗಾಣು ಗಾಜಿನ ನಳಿಗೆಗಳಲ್ಲಿ ನನ್ನ ಕೈಸೇರಿತ್ತು. ಅದು ಬಲು ನಾಜೂಕಿನದು. ಮನುಷ್ಯನ ಮೈಯಷ್ಟೇ ಬಿಸಿ ಬೇಕು. ಸಮುದ್ರದ ಪಾಚಿಯಿಂದ ಮಾಡಿದ ಅಗರ್ ಎಂಬ ಗಟ್ಟಿ ಗಂಜಿಗೆ ರಕ್ತ ಬೆರೆಸಿ ಊಟಕ್ಕಿಡಬೇಕು. ಆಗಾಗ ಹೊಸ ನಳಿಗೆಗೆ ದಾಟಿಸಬೇಕು, ಇಲ್ಲವಾದರೆ ಸಾಯುತ್ತದೆ. ಆಸ್ಪತ್ರೆಯ ಸೀಮೆಎಣ್ಣೆ ದೀಪದ ಶಾಖಪೆಟ್ಟಿಗೆ ಆ ದಿನವೇ ಕೆಟ್ಟಿತು. ಬೇರೆ ದಾರಿ ಕಾಣದೆ ನಳಿಗೆಗಳ ಬಾಯಿಗೆ ಮೇಣ ಮುಚ್ಚಿ, ತಗಡಿನ ಡಬ್ಬಿಯೊಳಗೆ ಹತ್ತಿಯಲ್ಲಿ ಸುತ್ತಿಟ್ಟು, ಡಬ್ಬಿಯನ್ನು ಅವ್ವನ ಹಳೆಯ ಎಲೆಅಡಿಕೆ ಸಂಚಿಗೆ ಹಾಕಿ ಸೊಂಟಕ್ಕೆ ಕಟ್ಟಿಕೊಂಡೆ. ಮೈಬಿಸಿ ಬೇಕಾದದ್ದಕ್ಕೆ ಮೈಯೇ ಸರಿ.

ಹಂಪಿ ಬಜಾರಿನಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಕಲ್ಲುಮಂಟಪಗಳಲ್ಲಿ ಸಂಸಾರಗಳು, ಒಂದು ಕಂಬಕ್ಕೆ ಆಡು, ಇನ್ನೊಂದಕ್ಕೆ ತೊಟ್ಟಿಲು. ಅವ್ವ ಪ್ರತಿ ಮಂಟಪದವರನ್ನೂ ಮಾತಾಡಿಸುತ್ತ ನಿಧಾನವಾಗಿ ನಡೆದಳು. ನಾನು ಸಂಚಿಗೆ ಸೆರಗಿನ ನೆರಳು ಹಿಡಿದು ಮುಂದೆ ಓಡುವುದು, ಅವಳಿಗಾಗಿ ಹಿಂದೆ ಬರುವುದು.

"ಅದೇನದು ಸಂಚ್ಯಾಗ? ಎಲಿ ಅಡಿಕಿ ಚಟ ಯಾವಾಗಿಂದ ಹತ್ತೇತಿ?"

"ಎಲಿ ಅಡಿಕಿ ಅಲ್ಲವ್ವಾ. ರೋಗದ ಹುಳ."

ಅವ್ವ ಗಕ್ಕನೆ ನಿಂತಳು. "ಎದಿ ಮ್ಯಾಲ ಲಿಂಗ, ಸೊಂಟದಾಗ ರೋಗ! ಎಂಥಾಕಿನ್ನ ಹಡದೆ ನಾನು."

ಅವಳು ಹೇಳಿ ಮುಗಿಸುವಷ್ಟರಲ್ಲಿ ಗೋಪುರದ ಕಡೆಯಿಂದ ಇಳಿದ ಕೋತಿಯೊಂದು ನನ್ನ ಸಂಚಿಗೆ ಕೈಹಾಕಿತು. ಒಳಗೆ ಬಾಳೆಹಣ್ಣಿದೆ ಎಂದುಕೊಂಡಿತೋ ಏನೋ. ನಾನು ಒಂದು ಕಡೆ, ಅದು ಒಂದು ಕಡೆ. ಸಂಚಿಯ ದಾರ ಬಿಗಿಯಿತು. ಅವ್ವ ಕೈಯಲ್ಲಿದ್ದ ತೆಂಗಿನಕಾಯಿ ಎತ್ತಿ, "ಬಿಡಲೇ, ತಿಂದ್ರ ಸಾಯ್ತಿ!" ಎಂದು ಕೋತಿಗೆ ಬುದ್ಧಿ ಹೇಳಿದಳು. ಬಜಾರಿನ ಜನವೆಲ್ಲ ನಕ್ಕರು. ಕೋತಿ ಕಾಯಿ ಕಸಿದುಕೊಂಡು ಸಂಚಿ ಬಿಟ್ಟಿತು. ವಿರೂಪಾಕ್ಷನಿಗೆ ಆ ದಿನ ಒಡೆಯಲು ಕಾಯಿ ಉಳಿಯಲಿಲ್ಲ. ಗುಡಿಯೊಳಗೆ ತೀರ್ಥ ತೆಗೆದುಕೊಳ್ಳುವಾಗ ಅವ್ವನೇ ಪಿಸುಗುಟ್ಟಿದಳು: "ಭಾಳ ಬಗ್ಗಬ್ಯಾಡ. ಅದು ಒತ್ತೀತು."

ಮುಂಬಯಿಯಿಂದ ಏಡನ್‌ವರೆಗೆ

ಗುಂತಕಲ್ಲಿನಲ್ಲಿ ರೈಲು ಬದಲಿಸಿ ಮುಂಬಯಿ ಮುಟ್ಟಿದೆ. ಬಂದರಿನಲ್ಲಿ ಸುಂಕದ ಅಧಿಕಾರಿ ಸಂಚಿ ತೋರಿಸಿ ಎಂದ. ಅಫೀಮೆಂದು ಅವನ ಅನುಮಾನ. ಡಬ್ಬಿ ಬಿಚ್ಚಿ ಮೂಗಿನ ಹತ್ತಿರ ಒಯ್ದ. ಅದು ನ್ಯುಮೋನಿಯಾ ಎಂದೆ. ಅವನು ನನ್ನನ್ನು ನೋಡಿದ, ಡಬ್ಬಿಯನ್ನು ನೋಡಿದ, ಎರಡು ಬೆರಳಲ್ಲಿ ಎತ್ತಿ ಹಿಂದಿರುಗಿಸಿದ. ಆಮೇಲೆ ನನ್ನ ಟ್ರಂಕನ್ನು ತೆರೆಯುವ ಗೊಡವೆಗೂ ಹೋಗಲಿಲ್ಲ.

ಹಡಗು ಯುದ್ಧದಲ್ಲಿ ಸಿಪಾಯಿಗಳನ್ನು ಹೊತ್ತು ದಣಿದದ್ದು. ಹೊಸ ಬಣ್ಣದ ಕೆಳಗೆ ಹಳೆಯ ಬೆವರಿನ ವಾಸನೆ. ನನ್ನ ಕೋಣೆಯ ಜೊತೆಗಾತಿ ಮಿಸೆಸ್ ಕ್ಲೇಟನ್, ನೀಲಗಿರಿಯ ಟೀ ತೋಟದಿಂದ ತವರಿಗೆ ಹೊರಟವರು. ಪ್ರತಿ ಬೆಳಿಗ್ಗೆ ಕಿಟಕಿಯ ಗುಂಡು ಗಾಜಿನಲ್ಲಿ ನೋಡಿ, ಇವತ್ತು ಹವೆ ಚೆನ್ನಾಗಿದೆ ಎನ್ನುತ್ತಿದ್ದರು. ನೋಡಿದರೆ ನಿನ್ನೆಯದೇ ನೀರು, ನಿನ್ನೆಯದೇ ಆಕಾಶ. ಒಮ್ಮೆ ನಾನು ಅವಸರದಲ್ಲಿ ಅವರ ಕಾಲು ತುಳಿದೆ. ಅವರೇ ನನ್ನ ಕ್ಷಮೆ ಕೇಳಿದರು. ನಮ್ಮೂರಿನಲ್ಲಾದರೆ ಅಷ್ಟು ಹೊತ್ತಿಗೆ ಎರಡು ಮನೆತನದ ಇತಿಹಾಸ ಹೊರಬರುತ್ತಿತ್ತು.

ಅಗರ್ ಬಾಟಲಿಗಳು ನನ್ನ ಬಳಿ ಇದ್ದವು. ರಕ್ತ ಇರಲಿಲ್ಲ. ಪ್ರಯಾಣಿಕರಿಗೆ ಬಡಿಸುತ್ತಿದ್ದುದು ಮಂಜುಗಡ್ಡೆಯಲ್ಲಿಟ್ಟ ಮಾಂಸ. ಆದರೆ ಹಡಗಿನ ಖಲಾಸಿಗಳೆಲ್ಲ ನಮ್ಮ ದೇಶದ ಮುಸಲ್ಮಾನರು. ಅವರಿಗಾಗಿ ಹಿಂಭಾಗದ ಡೆಕ್ಕಿನಲ್ಲಿ ಜೀವಂತ ಆಡುಗಳನ್ನು ಕಟ್ಟಿದ್ದರು. ಅವರ ಅಡುಗೆಯ ಭಂಡಾರಿ ರತ್ನಾಗಿರಿಯ ಯೂಸುಫ್ ಚಾಚಾ. ನಾನು ಹೊಸಪೇಟೆಯ ಉರ್ದುವಿನಲ್ಲಿ ಹೋಗಿ ಕೇಳಿದೆ: ಚಾಚಾ, ಆಡು ಕೊಯ್ಯುವಾಗ ನನಗೊಂದು ಲೋಟ ರಕ್ತ ಬೇಕು.

ಚಾಚಾ ಸೌಟು ಹಿಡಿದೇ ತಿರುಗಿದರು. "ತೌಬಾ! ರಕ್ತ ನಮಗೆ ಹರಾಮ್, ಸಮುದ್ರಕ್ಕೆ ಚೆಲ್ಲುತ್ತೇವೆ. ನೀನು ಹಿಂದೂ ಹೆಣ್ಣುಮಗಳು, ಮಾಂಸ ಮುಟ್ಟುತ್ತೀಯಾ?"

"ಇಲ್ಲ. ನಾವು ಲಿಂಗಾಯತರು. ಮೊಟ್ಟೆಯನ್ನೂ ತಿನ್ನುವುದಿಲ್ಲ."

"ಮತ್ತೆ ಯಾರಿಗೆ ತಿನ್ನಿಸಲು?"

"ನ್ಯುಮೋನಿಯಾಕ್ಕೆ."

ಅವರು ಬಹಳ ಹೊತ್ತು ನಕ್ಕರು. ಮಾಂಸ ತಿನ್ನದವಳು ಕಾಯಿಲೆಗೆ ರಕ್ತ ಉಣಿಸುವುದನ್ನು ಕೇಳಿರಲಿಲ್ಲ ಎಂದರು. ಆದರೆ ಶುಕ್ರವಾರ ಆಡು ಕೊಯ್ದಾಗ ತೊಳೆದ ಲೋಟವೊಂದರಲ್ಲಿ ರಕ್ತ ಹಿಡಿದು ತಾವೇ ತಂದುಕೊಟ್ಟರು. ಗಾಜಿನ ಮಣಿ ಹಾಕಿ ಕುಲುಕಿ ಅದು ಹೆಪ್ಪುಗಟ್ಟದಂತೆ ಮಾಡಿದೆ. ಅವರ ಒಲೆಯ ಬಿಸಿನೀರಿನಲ್ಲಿ ಅಗರ್ ಕರಗಿಸಿ ಬೆರೆಸಿದೆ. ಮರುದಿನ ನಳಿಗೆಗಳನ್ನು ಬೆಳಕಿಗೆ ಹಿಡಿದರೆ ಕೆಂಪು ಗಂಜಿಯ ಮೇಲೆ ಎಣ್ಣೆ ಸವರಿದಂತೆ ಹೊಳೆಯುವ ದುಂಡು ಹನಿಗಳು. ಅಂಗಿ ತೊಟ್ಟ ರೋಗಾಣುವಿನ ಗುರುತು ಅದು. ಎದೆಯ ಭಾರ ಇಳಿಯಿತು. ಸ್ವಲ್ಪ ಹೊತ್ತು ಮಾತ್ರ. ಆಮೇಲೆ ಮತ್ತೆ ಡೆಕ್ಕಿನ ಈ ತುದಿಯಿಂದ ಆ ತುದಿಗೆ ಓಡಾಟ.

ಪೋರ್ಟ್ ಸೈಯದ್

ಕೆಂಪು ಸಮುದ್ರದಲ್ಲಿ ಸೆಕೆ ಹೇಳತೀರದು. ಬಳ್ಳಾರಿ ಜಿಲ್ಲೆಯ ಬೇಸಿಗೆ ಉಂಡವಳು ನಾನು; ಅದಾದರೂ ಒಣ ಬಿಸಿಲು. ಇಲ್ಲಿಯದು ಅನ್ನ ಕುದಿಯುವ ಗಡಿಗೆಯೊಳಗೆ ಕೂತಂತೆ. ಆಡುಗಳೂ ಮುಗಿದವು. ಚಾಚಾ ಕೈಚೆಲ್ಲಿದರು. ಹಡಗಿನ ಡಾಕ್ಟರು, ಇಂಥ ವಸ್ತುವನ್ನು ಹಡಗಿಗೆ ತಂದದ್ದೇ ತಪ್ಪು ಎಂದು ಮುಖ ಸಿಂಡರಿಸಿದರು.

ಉಳಿದದ್ದು ನನ್ನ ರಕ್ತ. ಒಂದು ಕೈಯಿಂದ ರಟ್ಟೆಗೆ ಪಟ್ಟಿ ಬಿಗಿಯಲು ಆಗುವುದಿಲ್ಲ. ನಾನು ಕೇಳಿದ್ದೇ ತಡ, ಮಿಸೆಸ್ ಕ್ಲೇಟನ್ ತಮ್ಮ ಗೌನಿನ ಬೆಲ್ಟು ಬಿಚ್ಚಿ ನನ್ನ ರಟ್ಟೆಗೆ ಬಿಗಿದರು. ನಾನು ಸೂಜಿ ಚುಚ್ಚಿಕೊಳ್ಳುವಾಗ ಮುಖ ಆಚೆ ತಿರುಗಿಸಿ, "ಹವೆ ಇನ್ನೂ ಚೆನ್ನಾಗಿಯೇ ಇದೆ" ಎಂದರು.

ನನ್ನ ರಕ್ತದ ಮೇಲೆ ಅದು ಬೆಳೆಯಿತು. ಆದರೆ ಪೋರ್ಟ್ ಸೈಯದ್‌ನಲ್ಲಿ ಹಡಗು ನಿಂತು, ಎಲ್ಲರೂ ಕೆಳಗೆ ದೋಣಿಗಳ ವ್ಯಾಪಾರ ನೋಡಲು ಹಡಗಿನ ಅಂಚಿನ ಕಂಬಿಗೆ ಮುಗಿಬಿದ್ದಾಗ ನಾನು ನಳಿಗೆಗಳನ್ನು ಭೂತಗನ್ನಡಿಯಲ್ಲಿ ನೋಡಿದೆ. ಹೊಳೆಯುವ ಹನಿ ಒಂದೂ ಇಲ್ಲ. ರವೆ ಚೆಲ್ಲಿದಂತೆ ಒಣಕಲು ಚುಕ್ಕೆಗಳು. ಎಲ್ಲ ನಳಿಗೆಗಳಲ್ಲೂ ಅದೇ. ರೋಗಾಣು ಬದುಕಿತ್ತು. ಅಂಗಿ ಹೋಗಿತ್ತು. ಅಂಗಿ ಹೋದ ಮೇಲೆ ಅದರ ಜಾತಿಯನ್ನು ಯಾವ ಸೀರಮ್ಮೂ ಹೇಳಲಾರದು.

ಹುಲಿಗೆಮ್ಮನನ್ನು ಎರಡನೆಯ ಸಲ ಕಳೆದುಕೊಂಡಂತಾಯಿತು. ಡಬ್ಬಿ ಹಿಡಿದು ಹಿಂಭಾಗದ ಡೆಕ್ಕಿಗೆ ಹೋದೆ. ಇಂಗ್ಲೆಂಡಿಗೆ ಇನ್ನು ಹೋಗುವುದಾದರೂ ಏಕೆ? ಕಂಬಿಯ ಮೇಲೆ ಕೈಚಾಚಿದ್ದೆ. ಪಾತ್ರೆ ತೊಳೆಯುತ್ತಿದ್ದ ಯೂಸುಫ್ ಚಾಚಾ ನೋಡಿ, "ಬಿಸಾಡುವುದಾದರೆ ಗಾಳಿ ನೋಡಿ ಬಿಸಾಡು ಬೇಟಿ. ನನ್ನ ಜನರ ಮುಖಕ್ಕೆ ಬರುವುದು ಬೇಡ" ಎಂದರು. ಗಾಳಿ ನಮ್ಮ ಕಡೆಗೇ ಬೀಸುತ್ತಿತ್ತು. ಅಷ್ಟರಿಂದ ಅದು ಉಳಿಯಿತು. ಮತ್ತೆ ಸಂಚಿಗೆ ಹಾಕಿ ಕಟ್ಟಿಕೊಂಡೆ.

ಲೀಡ್ಸ್

ಲೀಡ್ಸ್ ಹೊಗೆಯ ಊರು. ಕಲ್ಲಿನ ಕಟ್ಟಡಗಳೆಲ್ಲ ಒಲೆಯ ಹಿಂದಿನ ಗೋಡೆಯಂತೆ ಕಪ್ಪಗೆ. ಯುದ್ಧ ಗೆದ್ದವರು ಬ್ರೆಡ್ಡಿಗೆ ಸಾಲು ನಿಂತಿದ್ದರು. ನಮ್ಮಲ್ಲಿ ರೇಷನ್ ಅಂಗಡಿಯ ಮುಂದೆ ಬೈಗುಳ, ನೂಕಾಟ. ಇಲ್ಲಿ ಮಳೆಯಲ್ಲೂ ಸದ್ದಿಲ್ಲ. ಒಮ್ಮೆ ಸುಮ್ಮನೆ ನಿಂತಿದ್ದೆ, ನನ್ನ ಹಿಂದೆ ಇಬ್ಬರು ಬಂದು ನಿಂತರು. ಇದು ಯಾವುದರ ಸಾಲು ಎಂದು ನನ್ನನ್ನೇ ಕೇಳಿದರು. ನಾನಿದ್ದ ಮನೆಯ ಒಡತಿ ಮಿಸೆಸ್ ಬೂತ್ ನನ್ನ ಶೇಂಗಾ ಚಟ್ನಿಪುಡಿಯನ್ನು ಬೆಂದ ಆಲೂಗಡ್ಡೆಯ ಮೇಲೆ ಉದುರಿಸಿ ತಿಂದು, ಕಣ್ಣೀರು ಒರೆಸಿಕೊಂಡು, ಇನ್ನೊಂದಿಷ್ಟು ಬಡಿಸಿಕೊಂಡರು. ಮಾಂಸ ತಿನ್ನದವರಿಗೆ ಆ ಸರಕಾರ ಚೀಸ್ ಹೆಚ್ಚು ಕೊಡುತ್ತಿತ್ತು. ನನ್ನ ಚೀಸಿಗೂ ನನ್ನ ಚಟ್ನಿಗೂ ಆ ಮನೆಯಲ್ಲಿ ಮರ್ಯಾದೆ ಬಂತು.

ಪ್ರಯೋಗಾಲಯದ ಮುಖ್ಯಸ್ಥೆ ಮಿಸ್ ಪೆಂಬರ್. ಎತ್ತರದ ಹೆಂಗಸು, ತಮ್ಮನದೋ ಅಣ್ಣನದೋ ಹಳೆಯ ಸಿಪಾಯಿ ಕ್ವಾಟು ತೊಟ್ಟಿರುತ್ತಿದ್ದರು. ನನ್ನ ನಳಿಗೆಗಳನ್ನು ನೋಡಿ ತಲೆಯಾಡಿಸಿದರು. ಆದರೂ ಕೊನೆಯ ಆಸೆಗೆಂದು ಇಲಿಗಳಿಗೆ ಚುಚ್ಚಿದರು. ಒಂದರಲ್ಲಾದರೂ ಅಂಗಿ ತೊಟ್ಟ ರೋಗಾಣು ಉಳಿದಿದ್ದರೆ ಅದು ಇಲಿಯನ್ನು ಕೊಂದು ತನ್ನ ಗುರುತು ಹೇಳುತ್ತಿತ್ತು. ಮರುದಿನ ಇಲಿಗಳು ಆರಾಮವಾಗಿ ಕಾಳು ಮೆಲ್ಲುತ್ತಿದ್ದವು. ಇಲಿ ಬದುಕಿದ್ದಕ್ಕೆ ನನ್ನಷ್ಟು ಅತ್ತವರು ಆ ಊರಿನಲ್ಲಿ ಇರಲಾರರು.

"ಸೆಕೆಯಿಂದ ಆಗಿರಬಹುದು" ಎಂದರು ಮಿಸ್ ಪೆಂಬರ್. "ನೀವು ರೋಗಿಗಳ ನಡುವೆ ಇದ್ದವರು, ನಿಮ್ಮ ರಕ್ತ ಅದನ್ನು ಎದುರಿಸಲು ಮೊದಲೇ ಕಲಿತಿರಲೂಬಹುದು. ಅಂಥ ರಕ್ತದಲ್ಲಿ ಅದು ಅಂಗಿ ಬಿಡುತ್ತದೆ. ಯಾರಿಗೆ ಗೊತ್ತು?" ಆಮೇಲೆ ನನ್ನ ಮುಖ ನೋಡಿ, "ಬನ್ನಿ, ಒಂದು ವಸ್ತು ತೋರಿಸುತ್ತೇನೆ" ಎಂದರು.

ಒಂದು ಗಾಜಿನ ಲೋಟದಲ್ಲಿ ತಿಳಿಯಾದ, ತುಸು ಅಂಟಾದ ನೀರು. ಅಂಗಿ ತೊಟ್ಟ ಮೂರನೆಯ ಜಾತಿಯ ರೋಗಾಣುಗಳನ್ನು ಕೊಂದು, ಅರೆದು, ಶುದ್ಧ ಮಾಡಿ ತೆಗೆದದ್ದು. ಅದರ ಮೇಲೆ ನಿಧಾನವಾಗಿ ಆಲ್ಕೊಹಾಲ್ ಸುರಿದು ಗಾಜಿನ ಕಡ್ಡಿಯಿಂದ ತಿರುವಿದರು. ನೀರಿನೊಳಗಿಂದ ಬಿಳಿಯ ಎಳೆ ಎದ್ದಿತು. ಕಡ್ಡಿಗೆ ಸುತ್ತಿಕೊಂಡಿತು. ಇನ್ನೊಂದು ಎಳೆ, ಮತ್ತೊಂದು. ಅವ್ವ ಕಂಪ್ಲಿಯ ಅಟ್ಟದ ಮೇಲೆ ಶಾವಿಗೆ ಹೊಸೆದು ಕೋಲಿಗೆ ಇಳಿಬಿಡುತ್ತಿದ್ದುದು ಕಣ್ಣಮುಂದೆ ಬಂತು. ಇದು ಅದಕ್ಕಿಂತ ನೂರು ಪಾಲು ನಯ.

ಅದರ ಹೆಸರು ಡೆಸಾಕ್ಸಿರೈಬೋನ್ಯೂಕ್ಲಿಯಿಕ್ ಆಮ್ಲ. ನಾಲಿಗೆ ತಿರುಗಲು ನನಗೆ ದಿನಗಳೇ ಹಿಡಿದವು, ಅವರು ಡಿ.ಎನ್.ಎ. ಎಂದು ಮೊಟಕು ಮಾಡಿದ್ದರು. ಅಂಗಿ ಹೊಲಿಯುವ ವಿದ್ಯೆ ಈ ಎಳೆಯಲ್ಲಿದೆ, ಬೆತ್ತಲೆ ರೋಗಾಣುವಿಗೆ ಇದನ್ನು ಉಣಿಸಿದರೆ ಅದು ಅಂಗಿ ತೊಡುವುದನ್ನು ಕಲಿಯುತ್ತದೆ, ಅದರ ಮಕ್ಕಳು ಮರಿಮಕ್ಕಳೂ ತೊಡುತ್ತವೆ ಎಂದು ಯುದ್ಧದ ನಡುವೆ ಅಮೆರಿಕದಲ್ಲಿ ಕೆಲವರು ತೋರಿಸಿದ್ದರಂತೆ. ಅನೇಕರು ನಂಬಿರಲಿಲ್ಲ. ಇಷ್ಟು ದೊಡ್ಡ ಕೆಲಸ ಇಷ್ಟು ಸಪ್ಪೆ ವಸ್ತುವಿನಿಂದ ಆಗದು, ಅದರೊಳಗೆ ಬೇರೇನೋ ಸೇರಿರಬೇಕು ಎನ್ನುವುದು ಅವರ ವಾದ. ಮಿಸ್ ಪೆಂಬರ್ ತಾವೇ ಮಾಡಿ ನೋಡಲು ಹೊರಟಿದ್ದರು. ಅವರ ಬಳಿಯ ಬೆತ್ತಲೆ ರೋಗಾಣುಗಳು ಮಾತ್ರ ಈ ಎಳೆಯನ್ನು ತಿರುಗಿಯೂ ನೋಡುತ್ತಿರಲಿಲ್ಲ.

"ನಿಮ್ಮದನ್ನು ಕೊಡುತ್ತೀರಾ?"

"ಕೊಟ್ಟರೆ ಅದರ ಹಳೆಯ ಅಂಗಿ ಬರುತ್ತದೆಯೇ?" ಎಂದು ಕೇಳಿದೆ.

ಅವರು ಸುಳ್ಳು ಹೇಳಲಿಲ್ಲ. "ಇಲ್ಲ. ಬಂದರೆ ಮೂರನೆಯ ಜಾತಿಯದು ಬರುತ್ತದೆ. ಈ ಊರಿನ ಒಬ್ಬ ಮುದುಕನ ಎದೆಯಲ್ಲಿ ಸಿಕ್ಕಿದ್ದು."

ನನಗೆ ಬೇಕಾದದ್ದು ಅದಲ್ಲ. ಆದರೆ ಕೈಕಟ್ಟಿ ಕೂರುವುದು ನನ್ನಿಂದಾಗದು. ಡಬ್ಬಿಯನ್ನು ಮೇಜಿನ ಮೇಲಿಟ್ಟೆ.

ಹಿಮ

ಎಳೆ ಉಣಿಸಿದ ಮೊದಲ ಸಲ ಏನೂ ಆಗಲಿಲ್ಲ. ಎರಡನೆಯ ಸಲವೂ ಇಲ್ಲ. ಅಷ್ಟರಲ್ಲಿ ಹಿಮ ಬಿತ್ತು. ನಾನು ಮೊದಲ ದಿನ ಅಂಗಳಕ್ಕೆ ಓಡಿ ಕೈಯೊಡ್ಡಿ ನಿಂತೆ. ವಾರ ಕಳೆಯುವುದರೊಳಗೆ ಅದರ ಮುಖ ನೋಡಿದರೆ ಸಿಟ್ಟು ಬರುತ್ತಿತ್ತು. ಹಿಮ ರೈಲುಹಳಿಗಳನ್ನು ಮುಚ್ಚಿತು. ಕಲ್ಲಿದ್ದಲು ಗಣಿಯಲ್ಲೇ ಉಳಿಯಿತು. ಕಲ್ಲಿದ್ದಲಿಲ್ಲದೆ ವಿದ್ಯುತ್ತು ಇಲ್ಲ.

ಮೂರನೆಯ ಸಲದ ನಳಿಗೆಗಳನ್ನು ಶಾಖಪೆಟ್ಟಿಗೆಯಲ್ಲಿ ಇಟ್ಟ ದಿನ ದೀಪ ಹೋಯಿತು. ನಮ್ಮ ಆಸ್ಪತ್ರೆಯಲ್ಲಿ ವಿದ್ಯುತ್ತೇ ಇರಲಿಲ್ಲ, ಹಾಗಾಗಿ ಹೋಗುವ ಭಯವೂ ಇರಲಿಲ್ಲ. ಇವರು ಅದನ್ನು ನಂಬಿ ಬದುಕಿದವರು. ಮಿಸ್ ಪೆಂಬರ್ ಶಾಖಪೆಟ್ಟಿಗೆಯ ಬಾಗಿಲಿಗೆ ಹಣೆಯಿಟ್ಟು ನಿಂತುಬಿಟ್ಟರು. ಒಳಗಿನ ಬಿಸಿ ಇಳಿಯುತ್ತಿತ್ತು. ಇಳಿದರೆ ಮತ್ತೆ ಮೊದಲಿನಿಂದ ಎಳೆ ತೆಗೆಯಬೇಕು, ಅದಕ್ಕೆ ಬೇಕಾದಷ್ಟು ರೋಗಾಣು ಬೆಳೆಸಲು ಆ ಚಳಿಯಲ್ಲಿ ಸಾಧ್ಯವಿರಲಿಲ್ಲ.

ನಾನು ಕ್ವಾಟಿನ ಗುಂಡಿ ಬಿಚ್ಚಿ ಸೊಂಟದ ಸಂಚಿ ತೋರಿಸಿದೆ.

"ಅಲ್ಲಿ ಎಷ್ಟು ಹಿಡಿಯುತ್ತದೆ?" ಎಂದು ಅವರು ಗಂಭೀರವಾಗಿ ಕೇಳಿದರು.

"ಅರ್ಧ."

ಉಳಿದ ಅರ್ಧವನ್ನು ಮೇಣ ಮುಚ್ಚಿ, ಫ್ಲಾನೆಲ್ಲಿನಲ್ಲಿ ಸುತ್ತಿ, ಪರದೆಯ ಹಿಂದೆ ಹೋಗಿ ಸೊಂಟ ಬಿಗಿಯುವ ತಮ್ಮ ಒಳಉಡುಪು ಕಾರ್ಸೆಟ್ಟಿನೊಳಗೆ ಸೇರಿಸಿಕೊಂಡು ಬಂದರು. ಆ ದಿನವೆಲ್ಲ ನಾವಿಬ್ಬರೂ ಬೆನ್ನು ನೆಟ್ಟಗೆ ಮಾಡಿ ಕೂತಿದ್ದೆವು, ಬಗ್ಗುವಂತಿಲ್ಲ, ಮಲಗುವಂತಿಲ್ಲ. ನನಗೆ ಕೂರುವುದೇ ಶಿಕ್ಷೆ. ಮಿಸ್ ಪೆಂಬರ್ ಯುದ್ಧದಲ್ಲಿ ಸತ್ತ ತಮ್ಮನ ವಿಷಯ ಹೇಳಿದರು. ನಾನು ಹುಲಿಗೆಮ್ಮನ ವಿಷಯ ಹೇಳಿದೆ. ಇನ್ನು ಕೆಲವೇ ವರ್ಷಗಳಲ್ಲಿ ಪೆನಿಸಿಲಿನ್ ಎಲ್ಲ ಕಡೆ ಬರುತ್ತದೆ, ಅದಕ್ಕೆ ಎಲ್ಲ ಜಾತಿಯೂ ಒಂದೇ, ಆಮೇಲೆ ಯಾರೂ ಜಾತಿ ಕೇಳುವುದಿಲ್ಲ ಎಂದರು. ಹಾಗಾದರೆ ಈ ಪಾಡು ಯಾಕೆ ಎಂದೆ. "ಒಂದು ಜೀವ ತನ್ನ ಗುಣವನ್ನು ಎಲ್ಲಿ ಬರೆದಿಟ್ಟುಕೊಂಡಿರುತ್ತದೆ ಎಂದು ಗೊತ್ತಾಗದೆ ನನಗೆ ನಿದ್ದೆ ಬರುವುದಿಲ್ಲ" ಎಂದರು. ಆ ಕಾಯಿಲೆ ನನಗೆ ಅರ್ಥವಾಯಿತು.

ನಳಿಗೆಗಳಲ್ಲಿದ್ದುದನ್ನು ರಕ್ತದ ಗಂಜಿಯ ತಟ್ಟೆಗಳಿಗೆ ಹರಡಿ, ಅವನ್ನೂ ಕೆಂಡದ ಬಕೆಟ್ಟಿನ ಪಕ್ಕದಲ್ಲಿ ಕಾದು, ಕೊನೆಗೆ ಕಿಟಕಿಯ ಬೆಳಕಿನಲ್ಲಿ ತೆರೆದೆವು. ಎಳೆ ಹಾಕದ ತಟ್ಟೆಯಲ್ಲಿ ಬರೀ ರವೆ. ಎಳೆಯ ಜೊತೆಗೆ ಅದನ್ನು ತಿಂದುಹಾಕುವ ಜೀರ್ಣರಸವನ್ನೂ ಬೆರೆಸಿದ್ದ ತಟ್ಟೆಯಲ್ಲೂ ರವೆ. ಬರೀ ಎಳೆ ಹಾಕಿದ ತಟ್ಟೆಯಲ್ಲಿ, ರವೆಯ ನಡುವೆ, ದಪ್ಪನೆ ಹೊಳೆಯುವ ಹನಿಗಳು. ತುಪ್ಪ ತೊಟ್ಟಿಕ್ಕಿದ ಹಾಗೆ. ಅಂಗಿ ತೊಡಿಸಿದ್ದು ಎಳೆಯೇ, ಬೇರೇನೂ ಅಲ್ಲ.

ಮಿಸ್ ಪೆಂಬರ್ ಟೀ ಮಾಡಲು ಹೋಗಿ ಎಲೆ ಹಾಕುವುದನ್ನು ಮರೆತು ಬಿಸಿನೀರನ್ನೇ ತಂದುಕೊಟ್ಟರು. ಅದನ್ನೇ ಕುಡಿದೆವು. ಆಮೇಲೆ ಈ ತಳಿಗೆ ಏನು ಹೆಸರು ಬರೆಯಲಿ ಎಂದರು. ಬಂಡ್ರಿ ಎಂದೆ. ಅವರ ಬಾಯಲ್ಲಿ ಅದು ಬ್ಯಾಂಡ್ರೀ ಆಯಿತು.

ನಾನು ಹೊರಗೆ ಹಿಮದಲ್ಲಿ ನಡೆದೆ. ಸಂತೋಷವಿತ್ತು, ಇಲ್ಲವೆನ್ನಲಾರೆ. ಹುಟ್ಟಿದ ಮೇಲೆ ಅಂಥದ್ದನ್ನು ಕಂಡಿರಲಿಲ್ಲ. ಆದರೆ ಬಂಡ್ರಿಯ ರೋಗಾಣು ಈಗ ಲೀಡ್ಸಿನ ಮುದುಕನ ಅಂಗಿ ತೊಟ್ಟಿತ್ತು. ದುರುಗವ್ವ ಕೇಳಿದ್ದು ಕೇಳಿದಂತೆಯೇ ಉಳಿದಿತ್ತು. ಬೀದಿಯ ತುದಿಗೆ ಹೋಗಿ ಹಿಂದಿರುಗಿದೆ, ಮತ್ತೆ ಹೋದೆ.

ಬಂಡ್ರಿ

ಬೇಸಿಗೆಯಲ್ಲಿ ಊರಿಗೆ ಬಂದೆ. ಎಲ್ಲ ಜಾತಿಯ ಸೀರಮ್ಮಿನ ಸಣ್ಣ ಶೀಸೆಗಳನ್ನು ಮಿಸ್ ಪೆಂಬರ್ ಕಟ್ಟಿಕೊಟ್ಟಿದ್ದರು. ಅವ್ವ ನಾನು ಬಡಕಲಾದದ್ದಕ್ಕೆ ಇಂಗ್ಲೆಂಡನ್ನೇ ಬೈದಳು. ಎರಡು ದಿನ ಕೂಡ ನಿಲ್ಲದೆ ಆ ಶೀಸೆಗಳ ಪೆಟ್ಟಿಗೆ ಹಿಡಿದು ಅದಿರಿನ ಲಾರಿ ಹತ್ತಿ ಬಂಡ್ರಿಗೆ ಹೋದೆ.

ಗಣಿಯ ಊಟದ ಬಿಡುವು. ದುರುಗವ್ವ ಜಾಲಿಮರದ ನೆರಳಲ್ಲಿ ರೊಟ್ಟಿ ಬಿಚ್ಚುತ್ತಿದ್ದಳು. ಮೈಯೆಲ್ಲ ಮ್ಯಾಂಗನೀಸ್ ಅದಿರಿನ ಕಪ್ಪು ಧೂಳು. ಗುರುತು ಹಿಡಿದು, "ಬರ್ರಿ, ಕುಂದ್ರಿ" ಎಂದು ಕಲ್ಲು ಒರೆಸಿದಳು. "ಸಿಕ್ತೇನ್ರಿ? ಯಾಕ ಸತ್ಲು ಅಂತ?"

"ಇಲ್ಲ ದುರುಗವ್ವ. ಹಡಗದಾಗ ಅದು ತನ್ನ ಗುರುತು ಕಳಕೊಂತು. ಯಾವ ಜಾತೀದು ಅಂತ ಇನ್ನ ಗೊತ್ತಾಗಂಗಿಲ್ಲ."

ಅವಳು ರೊಟ್ಟಿ ಮುರಿದಳು. "ಅಂದ್ರ ಸತ್ತು ಹೋತು."

ಹೌದು ಎನ್ನಬಹುದಿತ್ತು. "ಇಲ್ಲ, ಬದುಕೈತಿ. ಅಲ್ಲೇ ಬರ್ಫದ ಪೆಟ್ಟಿಗ್ಯಾಗ ಇಟ್ಟಾರ."

ಅವಳ ಕೈ ಅಲ್ಲೇ ನಿಂತಿತು. "ನನ್ ತಂಗೀನ್ನ ತಿಂದದ್ದು, ಅದು ಬದುಕೈತಿ?"

ಎಲ್ಲವನ್ನೂ ಹೇಳಿದರೆ ತಿಳಿದೀತೆಂದು ಎಲ್ಲವನ್ನೂ ಹೇಳಿದೆ. ಆಡಿನ ರಕ್ತ, ನನ್ನ ರಕ್ತ, ಸಂಚಿ, ಹಿಮ, ಬಿಳಿಯ ಎಳೆ.

"ನಿಮ್ಮ ರಕ್ತ ಹಾಕಿದ್ರಿ" ಎಂದಳು ಆಮೇಲೆ, ನಿಧಾನವಾಗಿ. "ಮೈಗೆ ಕಟ್ಗೊಂಡು ಬೆಚ್ಚಗ ಇಟ್ರಿ. ಹುಲಿಗಿ ನಿಮ್ಮ ಪಡಸಾಲ್ಯಾಗ ಗಡಗಡ ನಡುಗತಿದ್ಲು. ಆಕಿಗೆ ಕೊಟ್ಟ ಕಂಬಳಿ ಹರದಿತ್ತು."

ಕಂಬಳಿಗಳು ಸಾಲದಿದ್ದವು, ಚಳಿಗಾಲದಲ್ಲಿ ಯಾವಾಗಲೂ ಸಾಲುತ್ತಿರಲಿಲ್ಲ. ಅದನ್ನು ಹೇಳಲಿಲ್ಲ. ಜಾಲಿಯ ನೆರಳು ನನ್ನ ಕಾಲಮೇಲಿಂದ ಸರಿದು ಬಿಸಿಲು ಬಿದ್ದಿತ್ತು, ಏಳಬೇಕೆನ್ನಿಸಲಿಲ್ಲ. ಎಷ್ಟೋ ತಿಂಗಳ ಮೇಲೆ ಅಂದು ನಾನು ಅಲುಗಾಡದೆ ಕೂತೆ.

"ಆ ಎಳೀಲಿಂದ ಏನಾಕ್ಕತಿ?" ಎಂದು ಅವಳೇ ಕೇಳಿದಳು.

"ಗೊತ್ತಿಲ್ಲ. ಏನೋ ಭಾಳ ದೊಡ್ಡದು ಆಕ್ಕತಿ ಅಂತಾರ."

ಕೆಲಸದ ಸೀಟಿ ಊದಿತು. ಹೆಂಗಸರು ಸೆರಗು ಕೊಡವುತ್ತ ಎದ್ದರು. ದುರುಗವ್ವ ತಿನ್ನದೆ ಉಳಿದ ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿ ಮರದ ಟೊಂಗೆಗೆ ಸಿಗಿಸಿದಳು. ತಲೆಗೆ ಸಿಂಬೆ ಇಟ್ಟುಕೊಂಡಳು, ಬುಟ್ಟಿ ಎತ್ತಿಕೊಂಡಳು. ನನ್ನ ಕಡೆ ನೋಡಲಿಲ್ಲ.

"ಬದುಕಿಸಿದ್ದಾತು. ಇನ್ನ ಅದರ ಕಡಿಂದ ಕೆಲಸನಾರ ತಗೋರಿ. ಸುಮ್ಮಕ ಕುಂದ್ರಿಸಿ ಉಣ್ಣಾಕ ಹಾಕಬ್ಯಾಡ್ರಿ."

ದಿಬ್ಬದ ಅರ್ಧ ಏರಿದವಳು ತಿರುಗಿ ಕೂಗಿದಳು: "ಆ ಕೆಳಗಿನ ಗುಡಿಸಲದಾಗ ಮಲ್ಲವ್ವನ ಸೊಸಿ ಕೆಮ್ಮಾಕ ಹತ್ಯಾಳ. ಎದಿ ನೋವಂತ. ಬಂದೀರಿ, ನೋಡೇ ಹೋಗ್ರಿ."

ಲಾರಿಯವನು ಹಾರ್ನ್ ಒತ್ತುತ್ತಲೇ ಇದ್ದ. ಅವನಿಗೆ ಹೋಗಪ್ಪಾ ಎಂದು ಕೈಮಾಡಿ, ಶೀಸೆಗಳ ಪೆಟ್ಟಿಗೆ ಎತ್ತಿಕೊಂಡು ನಾನು ಗುಡಿಸಲುಗಳ ಕಡೆ ಇಳಿದೆ.